ಪಾಠದ ಮೆಟ್ಟಿಲು, ಮಗುವಿನ ಮನಸ್ಸು

ನಮ್ಮ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ಮಾತು ಉಂಟು: "ನಮ್ಮ ಹುಡುಗನಿಗೆ ಕನ್ನಡ ಪರವಾಗಿಲ್ಲ, ಸಮಾಜವೂ ಪರವಾಗಿಲ್ಲ, ಲೆಕ್ಕ ಮಾತ್ರ ತಲೆಗೆ ಹತ್ತುವುದಿಲ್ಲ." ಹೇಳುವವರು ತಾಯಿತಂದೆಯರು, ಪಕ್ಕದಲ್ಲಿ ನಿಂತು ಕೇಳುವುದು ಮಗು. ನಾಲ್ಕು ಸಲ ಕೇಳಿದ ಮೇಲೆ ಅದೂ ನಂಬುತ್ತದೆ. ಮೂಗಿನ ಆಕಾರದಂತೆ, ಕೂದಲಿನ ಬಣ್ಣದಂತೆ, ಲೆಕ್ಕ ಬಾರದಿರುವುದೂ ತನ್ನ ಹುಟ್ಟುಗುಣವೆಂದು ತೀರ್ಮಾನಿಸುತ್ತದೆ. ಮೂವತ್ತು ವರ್ಷಕ್ಕೂ ಮಿಕ್ಕು ಪಾಠ ಹೇಳಿದ ನಾನು ಈ ತೀರ್ಮಾನವನ್ನು ಒಪ್ಪಲಾರೆ. ಮಗುವಿನ ತಲೆಯನ್ನು ದೂರುವುದಕ್ಕೆ ಮುಂಚೆ, ಅದರ ಮುಂದೆ ನಾವು ಪಾಠಗಳನ್ನು ಹೇಗೆ ಜೋಡಿಸಿ ಇಟ್ಟಿದ್ದೇವೆ ಎಂಬುದನ್ನು ನೋಡಬೇಕು. ಈ ಜೋಡಣೆಗೇ ಪಠ್ಯಕ್ರಮವೆಂದು ಹೆಸರು. ಮಗುವಿನ ಉತ್ಸಾಹ ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಇದರ ಕೈಯಲ್ಲಿದೆ.

ನಾನಿರುವುದು ಜಯನಗರದಲ್ಲಿ. ಮಗಳ ಮನೆ ಜೆ.ಪಿ. ನಗರದ ಒಂದು ವಠಾರದ ಮೂರನೆಯ ಮಹಡಿಯಲ್ಲಿ. ಮೊಮ್ಮಗಳು ಆರನೆಯ ತರಗತಿ, ಖಾಸಗಿ ಶಾಲೆ. ಆ ವಠಾರದ ಕಾವಲುಗಾರನ ಮಗ ಐದನೆಯ ತರಗತಿ, ಸರ್ಕಾರಿ ಶಾಲೆ. ಅವರದು ಯಾದಗಿರಿಯ ಕಡೆಯ ಊರು. ಒಂದು ಸಂಜೆ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಮಾತಿಗೆಂದು ಕೇಳಿದೆ: "ಮೂರರಲ್ಲೊಂದು, ನಾಲ್ಕರಲ್ಲೊಂದು, ಯಾವುದು ದೊಡ್ಡದು?" ಮೊಮ್ಮಗಳು ತಡಮಾಡಲಿಲ್ಲ: "ನಾಲ್ಕು ತಾನೆ ದೊಡ್ಡದು, ತಾತ?" ಹುಡುಗ ನೆಲ ನೋಡಿದ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಹೇಳಿದ: "ನಮ್ ಊರಾಗ ಈ ಪಾಠ ಇನ್ನೂ ಆಗಿರ್ಲಿಲ್ರಿ. ಇಲ್ಲಿ ಬರೋದ್ರಾಗ ಮುಗದಿತ್ರಿ."

ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಅಲ್ಲಿ ಆಗಿರಲಿಲ್ಲ, ಇಲ್ಲಿ ಮುಗಿದಿತ್ತು! ಪಾಠವೆಂಬುದು ರೈಲಿನಂತೆ ಓಡುತ್ತದೆ. ಅವನು ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಬರುವಷ್ಟರಲ್ಲಿ ರೈಲು ದಾಟಿಹೋಗಿದೆ. ಮೊಮ್ಮಗಳ ಕಥೆ ಬೇರೆಯಾಗಿ ಕಾಣುತ್ತದೆ. ಆಕೆ ರೈಲಿನಲ್ಲೇ ಇದ್ದಳು. ಆದರೆ ಅದು ಎಷ್ಟು ವೇಗವಾಗಿ ಹೋಯಿತೆಂದರೆ ಆಕೆಗೆ ಕಿಟಕಿಯಾಚೆ ಏನೂ ಕಾಣಲಿಲ್ಲ. ಒಂದು ವಾರ ಭಿನ್ನರಾಶಿ, ಮುಂದಿನ ವಾರ ಪರೀಕ್ಷೆ, ಅದರ ಮುಂದಿನ ವಾರ ದಶಮಾಂಶ. ಎರಡು ಮನೆ, ಎರಡು ಶಾಲೆ. ತಪ್ಪಿದ ಮೆಟ್ಟಿಲು ಒಂದೇ.

ಗಣಿತದ ಸ್ವಭಾವವೇ ಏಣಿಯ ಸ್ವಭಾವ. ಕೂಡುವುದು ಬಾರದೆ ಗುಣಿಸುವುದು ಬಾರದು. ಭಾಗಿಸುವುದು ಬಾರದೆ ಭಿನ್ನರಾಶಿ ಬಾರದು. ಭಿನ್ನರಾಶಿ ಬಾರದೆ ಬೀಜಗಣಿತವಿಲ್ಲ. ಹತ್ತು ವರ್ಷದ ಪ್ರಾಯದಲ್ಲಿ ಜಾರಿದ ಒಂದು ಮೆಟ್ಟಿಲು ಹದಿನೈದರ ಪ್ರಾಯದಲ್ಲಿ "ನನಗೆ ಲೆಕ್ಕ ಬರುವುದಿಲ್ಲ" ಎಂಬ ಮಾತಾಗುತ್ತದೆ.

ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ನನ್ನ ಅಜ್ಜ ಕೂಲಿಮಠದಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿದವರು. ಕಾಲು, ಅರೆ, ಮುಕ್ಕಾಲುಗಳ ಮಗ್ಗಿ ಅವರ ನಾಲಗೆಯ ಮೇಲಿತ್ತು. ಅದನ್ನು ಉಳಿಸಿದ್ದು ಗುರುಗಳ ಬೆತ್ತವೊಂದೇ ಅಲ್ಲ, ಸಂತೆಯೂ ಹೌದು. ರೂಪಾಯಿಗೆ ಹದಿನಾರಾಣೆ. ನಾಲ್ಕಾಣೆ ಎಂದರೆ ಕಾಲು ರೂಪಾಯಿ, ಎಂಟಾಣೆ ಅರ್ಧ, ಹನ್ನೆರಡಾಣೆ ಮುಕ್ಕಾಲು. ೧೯೫೭ರ ಏಪ್ರಿಲ್ ೧ರಂದು ನಯಾಪೈಸೆ ಬಂತು. ಲೆಕ್ಕ ಸುಲಭವಾಯಿತು, ಒಳ್ಳೆಯದೇ ಆಯಿತು. ಆದರೆ ಭಿನ್ನರಾಶಿ ಜೇಬಿನಿಂದ ಜಾರಿ ಪುಸ್ತಕ ಸೇರಿತು. ಈಗ ಅಂಗಡಿಯಲ್ಲಿ ಫೋನನ್ನು ತೋರಿಸಿ ಹಣ ಕೊಡುವ ಕಾಲ. ಮಗುವಿನ ಅಂಗೈಗೆ ಚಿಲ್ಲರೆ ಬೀಳುವುದೇ ಅಪರೂಪ. ಬೀದಿ ಕಲಿಸುತ್ತಿದ್ದುದನ್ನೆಲ್ಲ ಇಂದು ಶಾಲೆಯೇ ಕಲಿಸಬೇಕು. ಹೀಗಿರುವಲ್ಲಿ ಆ ಪಾಠಕ್ಕೆ ಹೆಚ್ಚು ದಿನ, ಹೆಚ್ಚು ವಸ್ತು ಕೊಡಬೇಡವೆ?

ಭಾಷೆಯ ಮಾತು ಬೇರೆ. ಭಾಷೆಯ ಅಂಗಳಕ್ಕೆ ಹಲವು ಬಾಗಿಲು. ಒಂದು ಪದ್ಯ ತಪ್ಪಿದರೂ ಮುಂದಿನ ಕಥೆಯನ್ನು ಓದಬಹುದು. ಅಲ್ಲಿ ಮಗುವಿಗೆ ಬೇಕಾದುದು, ಓದಿದ್ದಕ್ಕೆ ಕೂಡಲೆ ಅರ್ಥ ಹೊಳೆಯುವ ಸಂತೋಷ. ಇದಕ್ಕೆ ನಮ್ಮ ನಾಡಿನಲ್ಲೇ ಒಂದು ಸೊಗಸಾದ ಉದಾಹರಣೆ ಇದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ೧೯೯೫ರಲ್ಲಿ, ಯುನಿಸೆಫ್ ನೆರವಿನಿಂದ, 'ನಲಿ-ಕಲಿ' ಎಂಬ ಪ್ರಯತ್ನ ಮೊದಲಾಯಿತು. ಆಂಧ್ರದ ಋಷಿವ್ಯಾಲಿಯ ಸುತ್ತಣ ಹಳ್ಳಿಶಾಲೆಗಳ ಪದ್ಧತಿಯನ್ನು ಕಂಡುಬಂದ ಉಪಾಧ್ಯಾಯರೇ ತಮ್ಮ ಮಕ್ಕಳಿಗೆಂದು ಅದನ್ನು ಹೊಸದಾಗಿ ರೂಪಿಸಿದರು. ಅಲ್ಲಿ ಅಕ್ಷರ ಕಲಿಕೆ ಅ, ಆ, ಇ, ಈ ಎಂದು ಆರಂಭವಾಗುವುದಿಲ್ಲ. ಮೊದಲ ಗುಂಪಿನ ಅಕ್ಷರಗಳು ರ, ಗ, ಸ, ದ, ಅ. ಇದೇನು ವಿಚಿತ್ರ ಎನ್ನುವಿರಾ? ಈ ಐದನ್ನು ಕಲಿತ ಮಗು, ಕಾಗುಣಿತದ ಗೊಡವೆಯೇ ಇಲ್ಲದೆ, ಸರ, ದರ, ಅರಸ, ಅಗಸ, ಗರಗಸ ಎಂದು ಓದಬಲ್ಲುದು. ಐದೇ ಅಕ್ಷರಕ್ಕೆ ಒಂದು ಗರಗಸ ಕೈಗೆ ಸಿಕ್ಕರೆ ಯಾವ ಮಗು ಖುಷಿಪಡುವುದಿಲ್ಲ! ವರ್ಣಮಾಲೆಯ ಕ್ರಮ ಶಾಸ್ತ್ರಕ್ಕೆ ಸರಿ. ಮಗುವಿನ ಕಲಿಕೆಗೆ ಹೊಂದುವ ಕ್ರಮ ಇನ್ನೊಂದು ಇರಬಹುದು. ಅಕ್ಷರಗಳು ಅವೇ, ಜೋಡಣೆ ಬದಲಾಯಿತು, ಉತ್ಸಾಹವೂ ಹುಟ್ಟಿತು.

ನಲಿ-ಕಲಿಯ ಇನ್ನೊಂದು ಗುಣ ನನ್ನ ಯಾದಗಿರಿ ಹುಡುಗನಿಗೆ ಸಂಬಂಧಿಸಿದ್ದು. ಅಲ್ಲಿ ಪಾಠವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದು, ಕಲಿಕೆಯ ಏಣಿಯ ಮೇಲೆ ಮೈಲಿಗಲ್ಲುಗಳಾಗಿ ಇಟ್ಟಿದ್ದಾರೆ. ಮಗು ತಾನು ಎಲ್ಲಿದ್ದೇನೆ ಎಂಬುದನ್ನು ತಾನೇ ನೋಡಿಕೊಂಡು, ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಸುಗ್ಗಿಗೆಂದೋ ಜ್ವರವೆಂದೋ ಹದಿನೈದು ದಿನ ಬಾರದಿದ್ದರೆ, ಬಂದ ದಿನ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಏಣಿ ಅಲ್ಲೇ ಕಾದು ನಿಂತಿರುತ್ತದೆ. ೨೦೦೯-೧೦ರಿಂದ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ಹಬ್ಬಿತು. ಎಲ್ಲವೂ ಸರಿಯಾಯಿತೆಂದು ನಾನು ಹೇಳುವುದಿಲ್ಲ. ಕಾರ್ಡುಗಳು ಹರಿಯುತ್ತವೆ, ಕಳೆಯುತ್ತವೆ. ಹತ್ತಾರು ಮಕ್ಕಳು ಹತ್ತಾರು ಮೆಟ್ಟಿಲಲ್ಲಿರುವಾಗ ಒಬ್ಬರೇ ಉಪಾಧ್ಯಾಯರು ಎಲ್ಲರನ್ನೂ ನೋಡಿಕೊಳ್ಳುವುದು ಸುಲಭವಲ್ಲ. ಮಿಗಿಲಾಗಿ, ಮೂರನೆಯ ತರಗತಿ ದಾಟಿ ನಾಲ್ಕಕ್ಕೆ ಬಂದೊಡನೆ ಏಣಿ ಹೋಗಿ ರೈಲು ಬರುತ್ತದೆ. ಭಿನ್ನರಾಶಿಯಂಥ ಕಠಿಣ ಪಾಠಗಳು ಎದುರಾಗುವುದೂ ಸರಿಯಾಗಿ ಅದೇ ಹೊತ್ತಿಗೆ.

ಚರಿತ್ರೆ, ಭೂಗೋಳಗಳಿಗೆ ಏಣಿ ಬೇಡ. ಅವಕ್ಕೆ ಮನೆಯ ಹೊಸಲು ಬೇಕು. ಜಯನಗರದ ಅಶೋಕ ಸ್ತಂಭವನ್ನು ನಿತ್ಯ ಹಾದುಹೋಗುವ ಮಕ್ಕಳು ಎಷ್ಟು ಜನ! ಬಡಾವಣೆಯ ಆರಂಭದ ನೆನಪಿಗೆಂದು ೧೯೪೮ರಲ್ಲಿ ನಿಂತ ಕಂಬ ಅದು. ಅದೇ ಮಕ್ಕಳು ಶಾಲೆಯಲ್ಲಿ ಅಶೋಕನ ಇಸವಿಗಳನ್ನು ಉರುಹಚ್ಚುತ್ತಾರೆ. ಕಂಬಕ್ಕೂ ಪಾಠಕ್ಕೂ ಪರಿಚಯವೇ ಇಲ್ಲ. ಪಾಠ ಆ ಕಂಬದ ಬುಡದಿಂದ ಹೊರಟು, ಬಿ.ಎಲ್. ರೈಸ್ ಅವರು ೧೮೯೨ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಕಂಡ ಶಾಸನಕ್ಕೆ ಹೋಗಿ, ಅಲ್ಲಿಂದ ೧೯೧೫ರಲ್ಲಿ ದೊರೆತ, ಅಶೋಕನ ಹೆಸರನ್ನೇ ಹೊತ್ತ ಮಸ್ಕಿ ಶಾಸನಕ್ಕೆ ಹೋಗಲಿ. ಆಮೇಲೆ ಪಾಟಲಿಪುತ್ರ ದೂರವೆನಿಸದು. ಒಮ್ಮೆ ಕೇಳಿದ ಅಶೋಕನ ಕಥೆಯನ್ನೇ ಮೇಲಿನ ತರಗತಿಯಲ್ಲಿ ಇನ್ನಷ್ಟು ಆಳವಾಗಿ ಮತ್ತೆ ಕೇಳಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ ೧೯೬೦ರಲ್ಲಿ ಹೇಳಿದ ಸುರುಳಿ ಪಠ್ಯಕ್ರಮ ಎಂಬುದರ ತಿರುಳು ಇದೇ. ನಂದಿಬೆಟ್ಟದ ರಸ್ತೆಯನ್ನು ನೆನಪಿಸಿಕೊಳ್ಳಿ: ಕೆಳಗಿನ ಬಯಲು ತಿರುವು ತಿರುವಿಗೂ ಮತ್ತೆ ಕಾಣುತ್ತದೆ, ಪ್ರತಿ ಸಲವೂ ಇನ್ನಷ್ಟು ಎತ್ತರದಿಂದ, ಇನ್ನಷ್ಟು ವಿಶಾಲವಾಗಿ.

ವಿಜ್ಞಾನಕ್ಕೆ ಬೇಕಾದುದು ಕೈಕೆಲಸ ಮತ್ತು ಪ್ರಶ್ನೆ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಡಾ. ಎಚ್. ನರಸಿಂಹಯ್ಯನವರು ೧೯೬೨ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದರು. ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪಬೇಡಿರೆಂಬುದು ಅವರ ಬಾಳಿನ ಪಾಠ. ಆದರೆ ಪ್ರಶ್ನೆ ಕೇಳುವ ಹುಡುಗನನ್ನು ಪರೀಕ್ಷೆ ಮೆಚ್ಚದಿದ್ದರೆ ಅವನು ಎಷ್ಟು ದಿನ ಕೇಳಿಯಾನು? ಇದನ್ನರಿತು ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ ೧೯೭೨ರಲ್ಲಿ ಹದಿನಾರು ಶಾಲೆಗಳಲ್ಲಿ ಒಂದು ವಿಜ್ಞಾನ ಶಿಕ್ಷಣ ಯೋಜನೆ ಆರಂಭವಾಯಿತು. ಮಕ್ಕಳು ಪ್ರಯೋಗ ಮಾಡಿ ಕಲಿತರು, ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡೇ ಉತ್ತರ ಬರೆದರು, ಪ್ರಯೋಗಕ್ಕೂ ಅಂಕವಿತ್ತು. ಪುಸ್ತಕ ತೆರೆದಿದ್ದರೆ ಉರುಹೊಡೆದು ಏನು ಬಂತು? ಆ ಯೋಜನೆ ೨೦೦೨ರಲ್ಲಿ ನಿಂತುಹೋಯಿತು. ಆದರೂ ಅದು ಕಲಿಸಿದ ಪಾಠ ಉಳಿದಿದೆ: ಪರೀಕ್ಷೆಯೂ ಪಠ್ಯಕ್ರಮದ ಒಂದು ಅಂಗ. ಪಾಠವನ್ನು ಬದಲಿಸಿ ಪರೀಕ್ಷೆಯನ್ನು ಹಾಗೆಯೇ ಬಿಟ್ಟರೆ, ಮಗು ಪರೀಕ್ಷೆಯ ಮಾತನ್ನೇ ಕೇಳುತ್ತದೆ.

ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ಅವರು ೧೯೮೯ರಲ್ಲಿ ರಾಜ್ಯಸಭೆಯಲ್ಲಿ ಎದ್ದು ನಿಂತು ಮಕ್ಕಳ ಪುಸ್ತಕದ ಚೀಲದ ಭಾರವನ್ನು ಕುರಿತು ಮಾತನಾಡಿದರು. ಮುಂದೆ ಪ್ರೊಫೆಸರ್ ಯಶಪಾಲ್ ಅವರ ಸಮಿತಿ ಈ ವಿಷಯವನ್ನು ಪರಿಶೀಲಿಸಿ ೧೯೯೩ರಲ್ಲಿ ವರದಿ ಕೊಟ್ಟಿತು. ಚೀಲದ ಭಾರಕ್ಕಿಂತ ದೊಡ್ಡ ಭಾರ ಅರ್ಥವಾಗದಿರುವುದರ ಭಾರ ಎಂಬುದು ಅದರ ಸಾರ. ಚೀಲವನ್ನು ಮನೆಗೆ ಬಂದು ಕೆಳಗಿಡಬಹುದು. ಈ ಭಾರವನ್ನು ಇಳಿಸಲು ಜಾಗವಿಲ್ಲ.

ಹಾಗಾದರೆ ಯಾರು ಏನು ಮಾಡಬೇಕು? ರಾಜ್ಯದ ಪಠ್ಯಪುಸ್ತಕಗಳ ಕೆಲಸ ನಡೆಯುವುದು ನಮ್ಮ ನೆರೆಯಲ್ಲೇ. ಬನಶಂಕರಿ ಮೂರನೆಯ ಹಂತದ ನೂರಡಿ ವರ್ತುಲ ರಸ್ತೆಯಲ್ಲಿ ಕರ್ನಾಟಕ ಪಠ್ಯಪುಸ್ತಕ ಸಂಘವಿದೆ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೂ ಇದೆ. ಅಲ್ಲಿ ಕೂತು ಪಾಠ ಜೋಡಿಸುವವರಲ್ಲಿ ನನ್ನದೊಂದು ವಿನಂತಿ: ಗಣಿತಕ್ಕೆ ನಾಲ್ಕನೆಯ ತರಗತಿಯ ಆಚೆಗೂ ಏಣಿ ಕಾಯುವಂತೆ ಮಾಡಿ, ಪ್ರತಿ ವರ್ಷದ ಮೊದಲ ವಾರಗಳು ಬಿಟ್ಟುಹೋದ ಮೆಟ್ಟಿಲನ್ನು ಹುಡುಕುವುದಕ್ಕೇ ಮೀಸಲಾಗಿರಲಿ. ಇದು ಆಗದ ಮಾತಲ್ಲ. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದ ಮೇಲೆ, ೨೦೨೨-೨೩ರಲ್ಲಿ, 'ಕಲಿಕಾ ಚೇತರಿಕೆ' ಎಂಬ ಹೆಸರಿನಲ್ಲಿ ರಾಜ್ಯವೇ ಹಿಂದಿನ ಪಾಠಗಳಿಗೆ ಮರಳಿ ಹೋಗಿ ಮಕ್ಕಳನ್ನು ಕರೆದು ತಂದಿತು. ಎಲ್ಲರ ಮನೆಗೂ ಕಷ್ಟ ಬಂದಾಗ ರೈಲನ್ನು ನಿಲ್ಲಿಸಲು ಸಾಧ್ಯವಾಯಿತು. ಒಬ್ಬ ಕೂಲಿಯ ಮಗನಿಗೆ ಕಷ್ಟ ಬಂದಾಗಲೂ ಅದು ನಿಲ್ಲಬೇಕು.

ತಾಯಿತಂದೆಯರಲ್ಲಿ ಇನ್ನೂ ಚಿಕ್ಕದೊಂದು ಕೋರಿಕೆ. ಮಗು ಶಾಲೆಯಿಂದ ಬಂದಾಗ "ಎಷ್ಟು ಮಾರ್ಕ್ಸು?" ಎಂದು ಕೇಳುವ ಬದಲು "ಎಲ್ಲಿಯವರೆಗೆ ಅರ್ಥವಾಯಿತು?" ಎಂದು ಕೇಳಿ. ಮೊದಲ ಪ್ರಶ್ನೆಗೆ ಮಗು ತಲೆತಗ್ಗಿಸುತ್ತದೆ. ಎರಡನೆಯದಕ್ಕೆ ಬೆರಳಿಟ್ಟು ತೋರಿಸುತ್ತದೆ. ಆ ಬೆರಳು ನಿಂತಲ್ಲಿಂದ ಪಾಠ ಆರಂಭಿಸಿದರೆ ಮನೆಪಾಠದ ಹಣವೂ ಎಷ್ಟೋ ಉಳಿದೀತು.

ಆ ಸಂಜೆಯ ಕಥೆಯನ್ನು ಪೂರ್ತಿ ಹೇಳಲಿಲ್ಲ. ನಾವು ಹೀಗೆ ಮೆಟ್ಟಿಲ ಮೇಲೆ ಕೂತಿದ್ದಾಗ ಹುಡುಗನ ತಾಯಿ ಜೋಳದ ರೊಟ್ಟಿ ತಂದುಕೊಟ್ಟರು. ರೊಟ್ಟಿ ಮೂರು, ಆಕೆಯನ್ನೂ ಸೇರಿಸಿಕೊಂಡರೆ ನಾವು ನಾಲ್ವರು. "ಹೇಗೆ ಹಂಚುತ್ತೀಯಪ್ಪ?" ಎಂದೆ. ಅವನು ಮೊದಲು ಎರಡು ರೊಟ್ಟಿಯನ್ನು ಅರ್ಧ ಅರ್ಧ ಮುರಿದ. ಎಲ್ಲರಿಗೂ ಅರ್ಧ ಬಂತು. ಮೂರನೆಯದನ್ನು ನಾಲ್ಕು ಚೂರು ಮಾಡಿದ. ಎಲ್ಲರಿಗೂ ಕಾಲು ಬಂತು. ಮೊಮ್ಮಗಳು ತನ್ನ ಕೈಯಲ್ಲಿದ್ದುದನ್ನು ನೋಡುತ್ತಲೇ ಇದ್ದಳು. ಅರ್ಧವನ್ನು ಮತ್ತೆ ಮುರಿದು ಎರಡು ಮಾಡಿ, ಎಣಿಸಿದಳು: "ಒಂದು ಕಾಲು, ಎರಡು ಕಾಲು, ಮೂರು ಕಾಲು." ಹುಡುಗ ನಕ್ಕ: "ಮೂರ್ ಕಾಲು ಅಂದ್ರ ಮುಕ್ಕಾಲು ರೀ, ಅಕ್ಕಾರ!"

ಮುಕ್ಕಾಲೆಂಬ ಮಾತಿನ ಹೊಟ್ಟೆಯಲ್ಲೇ ಪಾಠವಿತ್ತು; ಆಕೆ ಆ ಮಾತನ್ನು ಎಷ್ಟೋ ಸಲ ಆಡಿಯೂ ಇದ್ದಳು. ಆಮೇಲೆ ನಾನು ಮೊದಲಿನ ಪ್ರಶ್ನೆಯನ್ನೇ ಮತ್ತೆ ಕೇಳಿದೆ. ಈ ಸಲ ಇಬ್ಬರೂ ಕೂಡಲೆ ಉತ್ತರ ಕೊಡಲಿಲ್ಲ. ಒಂದು ರೊಟ್ಟಿಯನ್ನು ಮೂವರು ಹಂಚಿಕೊಂಡರೆಷ್ಟು, ನಾಲ್ವರು ಹಂಚಿಕೊಂಡರೆಷ್ಟು ಎಂದು ತಮ್ಮತಮ್ಮಲ್ಲೇ ವಾದಿಸಿದರು. ಕೊನೆಗೆ ಹುಡುಗ ಹೇಳಿದ: "ಮಂದಿ ಕಡಿಮಿ ಇದ್ರ ಚೂರು ದೊಡ್ಡದು ರೀ." ಉತ್ತರ ಸರಿಯಾಗಿತ್ತು. ಅಂದಿನಿಂದ ನಾನು ಮಗಳ ಮನೆಗೆ ಹೋದಾಗಲೆಲ್ಲ ಇಬ್ಬರೂ ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕಾಯುತ್ತಿರುತ್ತಾರೆ.