ಸೂತ್ರ ಕೊಟ್ಟರೆ ಸಾಲದು, ಕೈ ಪಳಗಬೇಕು

ಪದಾರ್ಥಗಳ ರಸಾಯನಶಾಸ್ತ್ರದಲ್ಲಿ ದುಡಿದವರ ಜೀವಮಾನದ ಸಾಧನೆಯನ್ನು ನಾವು ಸಾಮಾನ್ಯವಾಗಿ ಎರಡು ಲೆಕ್ಕದಲ್ಲಿ ಅಳೆಯುತ್ತೇವೆ: ಎಷ್ಟು ಸಂಶೋಧನಾ ಪ್ರಬಂಧ ಬರೆದರು, ಎಷ್ಟು ಪೇಟೆಂಟು ಪಡೆದರು. ತಂತ್ರಜ್ಞಾನ ವರ್ಗಾವಣೆ ಎಂದ ಕೂಡಲೇ ಕಂಪನಿಯೊಂದರ ಜೊತೆಗಿನ ಒಪ್ಪಂದ ನೆನಪಾಗುತ್ತದೆ. ಒಪ್ಪಂದ ಬೇಕು, ನಿಜ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಯಂಥ ತಾಲ್ಲೂಕುಗಳಿಗೆ ವಿಜ್ಞಾನ ತಲುಪಿ ಅಲ್ಲಿ ಉಳಿಯಬೇಕಾದರೆ ಇನ್ನೊಂದು ವರ್ಗಾವಣೆಯೂ ನಡೆಯಬೇಕು. ಅದು ಸಂಶೋಧಕರ ಕೈಯಿಂದ ಊರಿನ ವಿಜ್ಞಾನ ಶಿಕ್ಷಕರ ಕೈಗೆ ಆಗುವ ವರ್ಗಾವಣೆ. ಈ ಎರಡನೆಯದು ಇಲ್ಲದಿದ್ದರೆ ಮೊದಲನೆಯದೂ ನೆಲೆ ನಿಲ್ಲುವುದಿಲ್ಲ ಎಂಬುದು ನನ್ನ ವಾದ.

ಇದಕ್ಕೆ ಆಧಾರ ನಮ್ಮ ನಾಡಿನಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಕೆ. ಸಿ. ಪಾಟೀಲ ಮತ್ತು ಅವರ ವಿದ್ಯಾರ್ಥಿಗಳು 1988ರಲ್ಲಿ ಅಲ್ಯುಮಿನಾ, ಅಂದರೆ ಅಲ್ಯುಮಿನಿಯಂ ಆಕ್ಸೈಡ್, ತಯಾರಿಸುವ ಹೊಸ ವಿಧಾನವೊಂದನ್ನು ಪ್ರಕಟಿಸಿದರು. ಅಲ್ಯುಮಿನಿಯಂ ನೈಟ್ರೇಟ್ ಮತ್ತು ಯೂರಿಯಾವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಅಗಲ ಬಾಯಿಯ ಪಾತ್ರೆಯಲ್ಲಿಟ್ಟು, 500 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಕುಲುಮೆಯೊಳಗೆ ಸರಿಸುತ್ತಾರೆ. ದ್ರಾವಣ ಕುದಿಯುತ್ತದೆ, ನೊರೆಯೇಳುತ್ತದೆ, ತಾನಾಗಿ ಹೊತ್ತಿಕೊಂಡು ಬೆಳ್ಳಗೆ ಉರಿಯುತ್ತದೆ. ಉರಿಯ ಉಷ್ಣತೆ ಸಾವಿರ ಡಿಗ್ರಿಯನ್ನೂ ಮೀರುತ್ತದೆ. ಐದಾರು ನಿಮಿಷದಲ್ಲಿ ಉಬ್ಬಿದ ಬಿಳಿ ಅಲ್ಯುಮಿನಾ ಪಾತ್ರೆಯ ತುಂಬ ನಿಂತಿರುತ್ತದೆ. ಹಳೆಯ ವಿಧಾನದಲ್ಲಿ ಇದೇ ಪದಾರ್ಥಕ್ಕಾಗಿ ಭಾರಿ ಕುಲುಮೆಯನ್ನು ಗಂಟೆಗಟ್ಟಲೆ ಉರಿಸಬೇಕಿತ್ತು. ಇಲ್ಲಿ ಬೇಕಾದ ಶಾಖವನ್ನು ಮಿಶ್ರಣವೇ ಹುಟ್ಟಿಸಿಕೊಳ್ಳುತ್ತದೆ. ಹೊರಗಿನ ಕುಲುಮೆ ಅದಕ್ಕೆ ಕಿಡಿ ಮುಟ್ಟಿಸಿದರೆ ಸಾಕು.

ಅದೇ ಸಂಸ್ಥೆಯ ಘನಸ್ಥಿತಿ ಮತ್ತು ರಚನಾ ರಸಾಯನಶಾಸ್ತ್ರ ಘಟಕದ ಪ್ರೊಫೆಸರ್ ಎಂ. ಎಸ್. ಹೆಗಡೆ ಈ ದಹನ ವಿಧಾನವನ್ನು ವಾಹನದ ಹೊಗೆ ಶುದ್ಧೀಕರಿಸುವ ವೇಗವರ್ಧಕಗಳ ತಯಾರಿಕೆಗೆ ತಂದರು. ವಾಡಿಕೆಯ ವೇಗವರ್ಧಕದಲ್ಲಿ ಪಲೇಡಿಯಂನಂಥ ದುಬಾರಿ ಲೋಹ ಆಕ್ಸೈಡಿನ ಮೈಮೇಲೆ ಸಣ್ಣ ಕಣಗಳಾಗಿ ಕೂತಿರುತ್ತದೆ. ಕಣದ ಒಳಗಿರುವ ಪರಮಾಣುಗಳಿಗೆ ಹೊಗೆ ತಾಗುವುದೇ ಇಲ್ಲ, ಅಷ್ಟು ಲೋಹ ದಂಡವಾಗುತ್ತದೆ. ಹೆಗಡೆಯವರ ಗುಂಪು ಪಲೇಡಿಯಂ ಅಯಾನುಗಳನ್ನು ಸೀರಿಯಂ ಆಕ್ಸೈಡಿನ ಹರಳಿನೊಳಗೆ, ಸೀರಿಯಂ ಇರಬೇಕಾದ ಜಾಗದಲ್ಲೇ ಒಂದೊಂದಾಗಿ ಕೂರಿಸಿತು. ನೂರು ಸೀರಿಯಂ ಸ್ಥಾನಗಳಲ್ಲಿ ಒಂದೆರಡು ಪಲೇಡಿಯಂ ಇದ್ದರೂ ಕೆಲಸ ನಡೆಯುತ್ತದೆ. ಹರಳು ತನ್ನ ಆಮ್ಲಜನಕವನ್ನು ಕೊಟ್ಟು ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ, ಆಮೇಲೆ ಗಾಳಿಯಿಂದ ಆಮ್ಲಜನಕವನ್ನು ಮರಳಿ ಪಡೆಯುತ್ತದೆ. ಇಷ್ಟು ಸೂಕ್ಷ್ಮದ ಸಂಶೋಧನೆ ಮಾಡಿದ ಇದೇ ವಿಜ್ಞಾನಿ ಮುಂದೆ ಚಳ್ಳಕೆರೆ ಬಳಿಯ ಕುದಾಪುರದಲ್ಲಿ, ಸಂಸ್ಥೆಯ 1500 ಎಕರೆ ಆವರಣದಲ್ಲಿರುವ ಪ್ರತಿಭಾ ವಿಕಾಸ ಕೇಂದ್ರದ ಸಂಚಾಲಕರಾಗಿ, ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳ ಶಿಕ್ಷಕರಿಗೆ ಪ್ರಯೋಗ ಕಲಿಸುವ ಹೊಣೆ ಹೊತ್ತರು. ಇದನ್ನು ನಿವೃತ್ತಿಯ ನಂತರದ ಸಮಾಜಸೇವೆ ಎಂದು ಬದಿಗಿಡುವುದು ತಪ್ಪು. ಇದು ಅವರ ಸಂಶೋಧನೆಯದೇ ಮುಂದುವರಿಕೆ.

ಶಿಕ್ಷಕರ ತರಬೇತಿ ತಂತ್ರಜ್ಞಾನ ವರ್ಗಾವಣೆ ಹೇಗಾದೀತು, ಊರಿಗೆ ಬೇಕಿರುವುದು ಸಿದ್ಧ ಯಂತ್ರವಲ್ಲವೇ ಎಂದು ಕೇಳುವವರಿದ್ದಾರೆ. ಕೂಡ್ಲಿಗಿ ಸೀಮೆಯ ಫ್ಲೋರೈಡ್ ನೀರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ಅದು ಮೀರಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ, ವರ್ಷಗಳು ಕಳೆದಂತೆ ಮೂಳೆ ಬಿರುಸಾಗುತ್ತದೆ. ಫ್ಲೋರೈಡ್ ಹೀರಲು ಬಳಸುವ ಪದಾರ್ಥಗಳಲ್ಲಿ ಒಂದು ಅಲ್ಯುಮಿನಾವೇ, ಆದರೆ ಅದರ ಇನ್ನೊಂದು ರೂಪ, ರಂಧ್ರಗಳಿಂದ ತುಂಬಿದ್ದು. ಪದಾರ್ಥ ಒಂದೇ ಆದರೂ ಮಾಡುವ ಬಗೆ ಬದಲಾದರೆ ಗುಣ ಬದಲಾಗುತ್ತದೆ. ಈ ಅಲ್ಯುಮಿನಾ ಕೆಲಕಾಲ ಹೀರಿ ತುಂಬಿಹೋಗುತ್ತದೆ. ಆಗ ಕಾಸ್ಟಿಕ್ ಸೋಡಾದಲ್ಲಿ ತೊಳೆದು, ಆಮ್ಲದಿಂದ ಸಮಸ್ಥಿತಿಗೆ ತರಬೇಕು. ನೀರು ಕ್ಷಾರೀಯವಾಗಿದ್ದಷ್ಟೂ ಅದು ಹೀರುವ ಪ್ರಮಾಣ ಕಡಿಮೆ. ತುಂಬಿದ ಮೇಲೂ ನಲ್ಲಿಯಲ್ಲಿ ನೀರು ತಿಳಿಯಾಗಿಯೇ ಬರುತ್ತದೆ. ರುಚಿಯಿಂದಾಗಲಿ ಬಣ್ಣದಿಂದಾಗಲಿ ಫ್ಲೋರೈಡ್ ಗೊತ್ತಾಗುವುದಿಲ್ಲ. ಹೀಗಿರುವಾಗ ನೀರನ್ನು ಪರೀಕ್ಷಿಸಿ "ಇನ್ನು ತೊಳೆಯುವ ಹೊತ್ತಾಯಿತು" ಎಂದು ಹೇಳಬಲ್ಲ ಒಬ್ಬರು ಊರಿನಲ್ಲಿ ಇಲ್ಲದಿದ್ದರೆ, ಯಂತ್ರ ಬಂದರೂ ತಂತ್ರಜ್ಞಾನ ಬಂದಂತಲ್ಲ.

ತುಂಗಭದ್ರೆಯ ನೀರನ್ನೇ ಮನೆಮನೆಗೆ ತಂದರೆ ಈ ತಾಪತ್ರಯವೇ ಇರುವುದಿಲ್ಲ ಎಂಬ ಮಾತೂ ಇದೆ. ಒಪ್ಪತಕ್ಕ ಮಾತು, ನದಿ ನೀರು ಸಿಗುವ ಕಡೆ ಅದೇ ಉತ್ತಮ ದಾರಿ. ಆದರೆ ಆ ನೀರಿಗೂ ಪಟಿಕ ಎಷ್ಟು, ಕ್ಲೋರಿನ್ ಎಷ್ಟು ಎಂದು ಅಳೆಯುವವರು ಬೇಕು. ನದಿಯ ನೀರು ಬಾರದ ದಿನ ಜನ ಮತ್ತೆ ಕೊಳವೆಬಾವಿಗೇ ಹೋಗುತ್ತಾರೆ. ಅಳೆಯುವ ವಿದ್ಯೆಯಿಂದ ಯಾವ ಯೋಜನೆಯೂ ನಮ್ಮನ್ನು ಬಿಡುಗಡೆ ಮಾಡುವುದಿಲ್ಲ.

ಇನ್ನೂ ಗಟ್ಟಿಯಾದ ಆಕ್ಷೇಪ ಶಿಕ್ಷಕರ ಕಡೆಯಿಂದಲೇ ಬರುತ್ತದೆ: ಪಾಠ, ಪರೀಕ್ಷೆ, ಗಣತಿ, ಚುನಾವಣೆ ಎಲ್ಲ ನಮ್ಮ ತಲೆಯ ಮೇಲೇ ಇರುವಾಗ ಪ್ರಯೋಗಕ್ಕೆ ಸಮಯ ಎಲ್ಲಿದೆ? ತರಬೇತಿ ಪಡೆದು ಬಂದ ಶಿಕ್ಷಕರಿಗೆ ಪ್ರಯೋಗಾಲಯ, ರಾಸಾಯನಿಕ, ವಾರಕ್ಕೆರಡು ಗಂಟೆ ಬಿಡುವು ಕೊಡದೆ ಹೋದರೆ ತರಬೇತಿಗೆ ಹಾಕಿದ ಹಣ ವ್ಯರ್ಥವೇ ಸರಿ. ಈ ಆಕ್ಷೇಪಕ್ಕೆ ಉತ್ತರ ತರಬೇತಿ ನಿಲ್ಲಿಸುವುದಲ್ಲ, ಆ ಅನುಕೂಲಗಳನ್ನು ಹಕ್ಕಿನಿಂದ ಕೇಳುವುದು. ಮೊದಲು ಹೆಸರಿಸಿದ ಐದೂ ತಾಲ್ಲೂಕುಗಳ ಒಂದೊಂದು ಸರ್ಕಾರಿ ಕಾಲೇಜಿನ ಪ್ರಯೋಗಾಲಯ ಸುತ್ತಲಿನ ಹಳ್ಳಿಗಳ ನೀರು, ಮಣ್ಣು ಪರೀಕ್ಷಿಸುವಂತಾದರೆ ಸಾಕು, ಹತ್ತಿರದ ಕುದಾಪುರದಲ್ಲಿ ಕಲಿತದ್ದು ಇಲ್ಲಿ ದಿನನಿತ್ಯದ ಬಳಕೆಗೆ ಬರುತ್ತದೆ. ವಿಜ್ಞಾನಿಯ ಸಾಧನೆಯನ್ನು ಅಳೆಯುವಾಗ ಪ್ರಬಂಧ, ಪೇಟೆಂಟುಗಳ ಜೊತೆಗೆ ಅವರು ಎಷ್ಟು ಕೈಗಳನ್ನು ಪಳಗಿಸಿದರು ಎಂಬುದನ್ನೂ ಸೇರಿಸಿಕೊಳ್ಳೋಣ. ಆ ಪಳಗಿದ ಕೈಗಳಿಗೆ ಕೆಲಸ ಮಾಡುವ ಜಾಗ ಒದಗಿಸುವುದು ಸರ್ಕಾರದ, ಪಂಚಾಯಿತಿಯ ಮತ್ತು ನಮ್ಮೆಲ್ಲರ ಹೊಣೆ.