ಬಾಣಂತಿ ಕೋಣೆಯ ಕೆಂಡ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ರಸಾಯನಶಾಸ್ತ್ರ ಓದಿದವನನ್ನು ಮಾತಿಗೆ ಕರೆದಿದ್ದೀರಿ. ಹೆದರಬೇಡಿ, ಕರಿಹಲಗೆ ಕೇಳುವುದಿಲ್ಲ.

ನಮ್ಮ ಅತ್ತಿಗೆ ಬಾಣಂತಿಯಾಗಿದ್ದಾಗ ಥಂಡಿಯೆಂದು ಕಿಟಕಿ ಬಾಗಿಲು ಮುಚ್ಚಿ, ಹೊರಸಿನ ಕೆಳಗೆ ಕೆಂಡ ಇಟ್ಟಿದ್ದರು. ಬೆಳಗಿನ ಜಾವ ಅವ್ವ ಬಾಗಿಲು ತೆರೆದರೆ ಅತ್ತಿಗೆಗೆ ಮಾತಿಲ್ಲ, ತಲೆ ಎತ್ತಲಾಗದು. ಹೊರಗೆ ಕಟ್ಟೆಯ ಮೇಲೆ ತಂದು ಮಲಗಿಸಿದ ಮೇಲೆ ಚೇತರಿಸಿಕೊಂಡರು, ಕೂಸೂ ಉಳಿಯಿತು. ಓಣಿಯವರು ದೃಷ್ಟಿ ಎಂದರು. ಅದು ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ನೆತ್ತರಿನ ಹಿಮೋಗ್ಲೋಬಿನ್ನಿನಲ್ಲಿರುವ ಕಬ್ಬಿಣವನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಹೀಗೆ ಲೋಹಕ್ಕೆ ಅಂಟಿ ಕೂರುವ ಅಣುವಿಗೆ ಲಿಗ್ಯಾಂಡ್ ಎನ್ನುತ್ತೇವೆ.

ಕೊಲ್ಲುವ ಈ ಹಿಡಿತವನ್ನೇ ಕೆಲಸಕ್ಕೆ ಹಚ್ಚಬಹುದು. ನೀವು ಗೋವಿನಜೋಳಕ್ಕೆ ಹಾಕುವ ಯೂರಿಯಾ ಗೊತ್ತಲ್ಲ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಿಂಗ್ಸ್ಲಿ ಮತ್ತು ಕೆ.ಸಿ. ಪಾಟೀಲರು ಅದನ್ನು ಅಲ್ಯೂಮಿನಿಯಂ ನೈಟ್ರೇಟಿನೊಡನೆ ನೀರಿನಲ್ಲಿ ಕಲಸಿ 500 ಡಿಗ್ರಿಯ ಕುಲುಮೆಯಲ್ಲಿಟ್ಟರು. ಕುದಿಯಿತು, ನೊರೆ ಎದ್ದಿತು, ಭಗ್ಗನೆ ಹತ್ತಿತು. ಐದೇ ನಿಮಿಷದಲ್ಲಿ ಹಗುರಾದ ಬಿಳಿ ಆಕ್ಸೈಡ್! ಇದನ್ನು ಪ್ರಕಟಿಸಿದ್ದು 1988ರಲ್ಲಿ. ಬೇರೆ ಇಂಧನ ಬಳಸಿ ಇದೇ ದಹನದ ದಾರಿಯಲ್ಲಿ ಎಂ.ಎಸ್. ಹೆಗಡೆಯವರು, ಗಿರಿಧರ ಮದ್ರಾಸ್ ಮತ್ತು ಸಂಗಡಿಗರು ಸೀರಿಯಂ ಆಕ್ಸೈಡಿನೊಳಗೆ ಪಲ್ಲಾಡಿಯಂ ಸೇರಿಸಿದರು. ನೂರು ಲೋಹದ ಅಯಾನುಗಳಲ್ಲಿ ಎರಡು ಮಾತ್ರ ಪಲ್ಲಾಡಿಯಂ. ಕಾರ್ಬನ್ ಮೊನಾಕ್ಸೈಡ್ ಅದರ ಮೇಲೆ ಕೂತು, ಪಕ್ಕದ ಆಕ್ಸೈಡಿನಿಂದ ಒಂದು ಆಮ್ಲಜನಕ ಕಿತ್ತುಕೊಂಡು ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ. ಖಾಲಿಯಾದ ಜಾಗವನ್ನು ಗಾಳಿಯ ಆಮ್ಲಜನಕ ತುಂಬುತ್ತದೆ. ಮೋಟಾರು ಗಾಡಿಯ ಹೊಗೆ ಶುದ್ಧಿಮಾಡಲು ಬೇಕಾದದ್ದು ಇದೇ.

ಈಗ ಕೆಲವೇ ಲೋಹದ ಪರಮಾಣುಗಳಿರುವ ಮಿಶ್ರ ಆಕ್ಸೈಡ್ ಗೊಂಚಲುಗಳನ್ನೂ ಅಭ್ಯಾಸ ಮಾಡುತ್ತಾರೆ. ಗೊಂಚಲು ಚದುರದಂತೆ, ಒಂದಕ್ಕೊಂದು ಮೆತ್ತಿಕೊಳ್ಳದಂತೆ ಸುತ್ತ ಲಿಗ್ಯಾಂಡುಗಳನ್ನು ಕಟ್ಟಬೇಕು. ಆದರೆ ನರಗುಂದದ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದಂತೆ ಎಲ್ಲ ಕಡೆ ಅವೇ ಕೂತರೆ ಅನಿಲಕ್ಕೆ ಜಾಗವೆಲ್ಲಿ? ಕಾಸಿ ಬಿಡಿಸಿದರೆ ಗೊಂಚಲುಗಳು ಮುದ್ದೆಯಾಗುವ ಭಯ. ಮೇಲಾಗಿ ಲಿಗ್ಯಾಂಡ್ ಲೋಹದ ಇಲೆಕ್ಟ್ರಾನುಗಳನ್ನು ಅತ್ತಿತ್ತ ಮಾಡಿ ಅದರ ಹಿಡಿತವನ್ನೇ ಬದಲಿಸುತ್ತದೆ. ಸಡಿಲವಾದರೆ ಅನಿಲ ನಿಲ್ಲದು, ಬಿಗಿಯಾದರೆ ಏಳದು. ನಮ್ಮ ಅರ್ಧ ಆಯುಷ್ಯ ಈ ಹದ ಹುಡುಕುವುದರಲ್ಲೇ ಹೋಗುತ್ತದೆ.

ಮೊನ್ನೆ ಇದನ್ನೆಲ್ಲ ಅತ್ತಿಗೆಗೆ ಹೇಳಿದೆ. ಸುಮ್ಮನೆ ಕೇಳಿ, "ಹಂಗಾರ ಅವತ್ತು ಕೆಂಡ ಹೊರಗ ಇಟ್ಟಿದ್ರ ಸಾಕಿತ್ತಲ್ಲೋ ತಮ್ಮಾ" ಅಂದರು.

ಸಾಕಿತ್ತು. ಈ ಚಳಿಗಾಲ ಯಾರ ಮನೆಯಲ್ಲಿ ಬಾಣಂತಿ ಇದ್ದಾರೋ, ಮಲಗುವ ಮುಂಚೆ ಕೆಂಡ ಹೊರಗಿಡಿ.