ಪರದೇಶದಲ್ಲಿ ಇಂಗ್ಲಿಷ್ ಮೇಷ್ಟ್ರು



ಇಂಗ್ಲಿಷ್ ಬಂದರೆ ಸಾಕು, ಯಾವ ದೇಶದಲ್ಲಾದರೂ ಪಾಠ ಹೇಳಿ ಬದುಕಬಹುದು ಎಂಬ ನಂಬಿಕೆ ಹಲವರಲ್ಲಿದೆ. ಜಪಾನ್ 1987ರಲ್ಲಿ ಶುರುಮಾಡಿದ ‘ಜೆಟ್’ ಯೋಜನೆಯನ್ನೇ ನೋಡಿ. ಹೊರದೇಶದ ಪದವೀಧರರನ್ನು ಶಾಲೆಗಳಿಗೆ ಸಹಾಯಕ ಶಿಕ್ಷಕರನ್ನಾಗಿ ಕರೆಸಿಕೊಳ್ಳುತ್ತಾರೆ. ಬಿ.ಎಡ್. ಕಡ್ಡಾಯವಲ್ಲ, ಒಳ್ಳೆಯ ಸಂಬಳವೂ ಉಂಟು. ಆದರೆ ಟೋಕಿಯೋ ಬಯಸಿದವರಿಗೆ ದೂರದ ಹಳ್ಳಿ ಸಿಗಬಹುದು. ತರಗತಿಯ ಮುಖ್ಯ ಹೊಣೆ ಸ್ಥಳೀಯ ಶಿಕ್ಷಕರದೇ. ಒಪ್ಪಂದ ಒಂದು ವರ್ಷದ್ದು. ನವೀಕರಿಸುತ್ತ ಹೋದರೂ ಹೆಚ್ಚೆಂದರೆ 5 ವರ್ಷ.

ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಕಲಿಸುವ ವೀಸಾ ಸಾಮಾನ್ಯವಾಗಿ ಅಮೆರಿಕ, ಬ್ರಿಟನ್, ದಕ್ಷಿಣ ಆಫ್ರಿಕಾ ಸೇರಿದ 7 ದೇಶಗಳ ಪ್ರಜೆಗಳಿಗೆ. ಧಾರವಾಡದಲ್ಲಿ ಎಂ.ಎ. ಮಾಡಿ ವರ್ಷಗಟ್ಟಲೆ ಪಾಠ ಹೇಳಿದವರಿಗೆ ಸುಲಭವಾಗಿ ತೆರೆಯದ ಬಾಗಿಲು, ಪಾಠವನ್ನೇ ಹೇಳದ ಹೊಸ ಪದವೀಧರನಿಗೆ ಪಾಸ್‌ಪೋರ್ಟಿನ ಬಲದಿಂದ ತೆರೆಯುತ್ತದೆ. ಹಾಗೆ ಒಳಹೋದವನಿಗೂ ಮುಂದಿನ ಬಡ್ತಿಯ ದಾರಿ ಸುಲಭವಲ್ಲ.

ಭಾಷೆ ಬರುವುದು ಬೇರೆ, ಕಲಿಸಲು ಬರುವುದು ಬೇರೆ. ಪರದೇಶದಲ್ಲಿ ನೆಲೆ ಕಂಡುಕೊಳ್ಳುವ ಸಾಧ್ಯತೆ ಹೆಚ್ಚಿರುವುದು ಬೋಧನೆಯಲ್ಲಿ ಉನ್ನತ ಪದವಿ ಪಡೆದು, ಆ ಊರಿನ ಮಾತು ಕಲಿತು, ತಾವೂ ವಿದ್ಯಾರ್ಥಿಗಳಾದವರಿಗೆ. ಹೋಗಬಾರದೆಂದಲ್ಲ. ಹೊರಡುವ ಮುನ್ನ ‘ಸಂಬಳ ಎಷ್ಟು?’ ಎಂಬುದರ ಜೊತೆಗೆ ‘ಆರನೆಯ ವರ್ಷ ಏನು?’ ಎಂದೂ ಕೇಳಿಕೊಳ್ಳಬೇಕು. ಯಾವ ಉದ್ಯೋಗಕ್ಕೂ ಈ ಪ್ರಶ್ನೆ ಸಲ್ಲುತ್ತದೆ.